ಬಾಕಿದಾರರ ಪಟ್ಟಿ

ಮಂಗಳವಾರ ಐದೂವರೆಗೆ
ನೀರಿನ ಬಿಲ್ಲಿನ ಕೌಂಟರಿಗೆ ಗಾಜು ಇಳಿಸಿ
ಕಾಲೇಜಿನ ಮೆಟ್ಟಿಲಲ್ಲಿ ಬೂಟಿನ ಹಿಮ ಕೊಡವಿ
ನಲವತ್ತೇಳರ ನಾನು ವಿದ್ಯಾರ್ಥಿನಿಯಾಗುತ್ತೇನೆ.
ಬ್ಯಾಗಿನಲ್ಲಿ ಅರ್ಧ ಸ್ಯಾಂಡ್‌ವಿಚ್ಚು,
ಮಗ ಬಿಟ್ಟುಹೋದ ಕ್ಯಾಲ್ಕುಲೇಟರು:
ಅದರ ಏಳು ಒತ್ತಿದರೆ ಏಳುವುದಿಲ್ಲ.

ಕಿಟಕಿಯಾಚೆ ಸುಪೀರಿಯರ್ ಸರೋವರ
ಕತ್ತಲಲ್ಲಿ ಹಲ್ಲು ಕಡಿಯುತ್ತದೆ.
ಒಳಗೆ ಹೀಟರು ಗೊರಗೊರ, ನಾವು ಹನ್ನೊಂದು ಮಂದಿ.
ಪಾಳಿ ಮುಗಿಸಿ ಬಂದ ಬೆಂಕಿದಳದ ಡೆಲ್ರಾಯ್, ತೂಕಡಿಸುತ್ತ;
ಮೀಸಲು ಪ್ರದೇಶದ ಆಸ್ಪತ್ರೆಯಿಂದ
ಎಪ್ಪತ್ತು ಮೈಲಿ ಗಾಡಿ ಓಡಿಸಿ ಬರುವ ಜೋಲೀನ್ ಕಡೊಟ್;
ಜೈಲಿನ ಅಡುಗೆಮನೆಯ ಲೆಕ್ಕ ಬರೆಯುವ ಅಕ್ಕತಂಗಿ,
ಡಾರ್ಲಾ, ನೋರೀನ್.
ಸಾರ್ವಜನಿಕ ಆಡಳಿತ, ಸ್ನಾತಕೋತ್ತರ, ಸಂಜೆ ವಿಭಾಗ.
ಮುಗಿಸಿದರೆ ಸಂಬಳ ಒಂದು ಮೆಟ್ಟಿಲು ಮೇಲೆ.
ಮುಗಿಸದಿದ್ದರೆ ಸಾಲ ಮಾತ್ರ.

ಪ್ರೊಫೆಸರ್ ಟ್ರೆಂಬ್ಲೇ ಬೋರ್ಡಿನಲ್ಲಿ ಬರೆದರು:
ದಕ್ಷತೆ.
ಅದರಡಿಗೆ: ನ್ಯಾಯ.
ನಡುವೆ ಒಂದು ಗೀಟೆಳೆದು
ಅದು ಭಾಗಾಕಾರವೋ ಬೇಲಿಯೋ ಹೇಳದೆ
ಕಾಫಿಗೆ ಹೋದರು.

ನನಗೆ ನನ್ನ ಗಾಜು ನೆನಪಾಯಿತು.

ಹತ್ತೊಂಬತ್ತು ವರ್ಷ.
ತಿಂಗಳ ಹದಿನೈದಕ್ಕೆ ಬಾಕಿದಾರರ ಪಟ್ಟಿ
ಪ್ರಿಂಟರಿನಿಂದ ಬೆಚ್ಚಗೆ ಇಳಿಯುತ್ತದೆ,
ಹೆಂಚಿನಿಂದ ಆಗತಾನೆ ತೆಗೆದ ರೊಟ್ಟಿಯ ಹಾಗೆ.
ಕೆಳಗೆ ನನ್ನ ಸಹಿ.
ಮೂರನೇ ದಿನ ನಮ್ಮ ರಸ್ಟಿ
ಉದ್ದನೆಯ ಕೀಲಿ ಹೊತ್ತು ಹೋಗಿ
ಹಿಮ ಬಗೆದು, ಮುಚ್ಚಳ ಎತ್ತಿ
ಕಾಲು ಸುತ್ತು ತಿರುಗಿಸುತ್ತಾನೆ. ಅಷ್ಟೇ.
ನಿಯಮ ಇರುವುದೇ ಹಾಗೆ ಎಂದು
ನಾವು ಕೈ ತೊಳೆದುಕೊಳ್ಳುತ್ತೇವೆ.
ತೊಳೆದುಕೊಳ್ಳಲು
ನಮ್ಮ ನಲ್ಲಿಯಲ್ಲಿ ನೀರಿದೆಯಲ್ಲ.

ಮನೆಗೆಲಸ ಕೊಟ್ಟರು:
ನಿಮ್ಮ ಕಚೇರಿಯ ಒಂದು ಕಾಗದ ಆರಿಸಿಕೊಳ್ಳಿ.
ಅದು ಏಕೆ ಹುಟ್ಟಿತು, ಯಾರ ಮನೆಗೆ ಹೋಗುತ್ತದೆ,
ಹೋಗಿ ಏನು ಮಾಡುತ್ತದೆ. ಹನ್ನೆರಡು ಪುಟ.

ನಾನು ಕಂತಿನ ಅರ್ಜಿ ಆರಿಸಿಕೊಂಡೆ.
ಅದರ ಒಂಬತ್ತನೇ ಕಲಂ:
ಅರ್ಜಿದಾರರ ಸಹಿ, ನೋಟರಿಯ ಎದುರಿಗೆ.
ಊರಿಗೆ ಇರುವ ನೋಟರಿ ಒಬ್ಬರೇ, ಬ್ಯಾಂಕಿನಲ್ಲಿ,
ಬುಧವಾರ ಹತ್ತರಿಂದ ಹನ್ನೆರಡು.
ಆ ಹೊತ್ತಿನಲ್ಲಿ ಬಾಕಿ ಇರುವವರೆಲ್ಲ ಕೆಲಸದಲ್ಲಿರುತ್ತಾರೆ.

ನೆಲಮಾಳಿಗೆಯಲ್ಲಿ ಹಳೇ ನಡಾವಳಿ ತೆಗೆದೆ, ಸೀನುತ್ತ.
ಯಾರೋ ಒಬ್ಬ ಸುಳ್ಳು ಹೆಸರು ಬರೆದು
ನಲವತ್ತೊಂದು ಡಾಲರು ಉಳಿಸಿ ಊರು ಬಿಟ್ಟನಂತೆ, ಎಂಬತ್ತಮೂರರಲ್ಲಿ.
ನೆಗಡಿ ಅವನೊಬ್ಬನಿಗೆ.
ಮೂಗು ಕೊಯ್ದದ್ದು ಇಡೀ ಊರಿಗೆ.

ಬರೆದು ಕೊಟ್ಟೆ. ಅಂಚಿನಲ್ಲಿ ಕೆಂಪು ಶಾಯಿ:
ಅಂಕಿಅಂಶ ಸಾಲದು.
ಅದರ ಕೆಳಗೇ, ಸಣ್ಣಗೆ:
ಇದನ್ನು ನನಗೇಕೆ ಕೊಟ್ಟಿರಿ? ಕೌನ್ಸಿಲ್ಲಿಗೆ ಕೊಡಿ.

ಕೌನ್ಸಿಲ್ಲಿನಲ್ಲಿ ನಾಯಿಗಳ ಪಾರ್ಕಿನ ಚರ್ಚೆ ಮುಗಿದ ಮೇಲೆ
ನನಗೆ ಮೂರು ನಿಮಿಷ.
ಬೆವರಿದೆ. ಒಬ್ಬರು ಒಳ್ಳೆಯ ಪ್ರಶ್ನೆ ಎಂದರು.
ವಿಷಯವನ್ನು ಉಪಸಮಿತಿಗೆ ಕಳಿಸಿದರು.
ಅಲ್ಲೇ ಇದೆ.

ಆಮೇಲೆ ಒಂದು ಮಧ್ಯಾಹ್ನ
ಹತ್ತು ಡಾಲರು ಶುಲ್ಕ ಕಟ್ಟಿ, ಪ್ರಮಾಣ ಮಾಡಿ
ನಾನೇ ನೋಟರಿಯಾದೆ.
ಮುದ್ರೆಯನ್ನು ಕೌಂಟರಿನ ಮೇಲೆ ಇಟ್ಟುಕೊಂಡೆ,
ಸ್ಟೇಪ್ಲರಿನ ಪಕ್ಕ.
ಮೊದಲು ಬಂದವಳು ಡಾರ್ಲಾ.
ನನ್ನನ್ನು ನೋಡಲಿಲ್ಲ. ನಾನೂ ಗುರುತು ತೋರಿಸಲಿಲ್ಲ.
ಗಾಜಿನಡಿಯ ಸಂದಿಯಲ್ಲಿ ಅರ್ಜಿ ಬಂತು, ಹೋಯಿತು.
ಮುಂದಿನ ಮಂಗಳವಾರ ಕೇಳುವ ಮೊದಲೇ
ನನ್ನತ್ತ ಒಂದು ಪೆನ್ಸಿಲು ಚಾಚಿದಳು, ಚೂಪಾಗಿ ಹೆರೆದದ್ದು.

ಹದಿನೈದಕ್ಕೆ ಪಟ್ಟಿ ಇಳಿಯಿತು, ಬೆಚ್ಚಗೆ.
ಹೋದ ತಿಂಗಳಿಗಿಂತ ಎಷ್ಟು ಕಡಿಮೆ?
ಕ್ಯಾಲ್ಕುಲೇಟರು ತೆಗೆದೆ. ಏಳು ಒತ್ತಿದೆ. ಏಳಲಿಲ್ಲ.
ಬೆರಳು ಮಡಚಿ ಎಣಿಸಿದೆ,
ಎರಡೂ ಕೈ ಮುಗಿದು ಒಂದು ಹೆಚ್ಚಿಗೆ ಬಂತು.

ಉಳಿದ ಐವತ್ತಾರು ಹೆಸರುಗಳ ಕೆಳಗೆ
ಸಹಿ ಹಾಕಿದೆ.
ರಸ್ಟಿ ಕೀಲಿಯನ್ನು ಹೆಗಲಿಗೆ ಏರಿಸಿಕೊಂಡ.