ಒರಿಜಿನಲ್ ಒಂದೇ

ಒರಿಜಿನಲ್ ಟಿ.ಸಿ. ಇರುವುದು ಒಂದೇ.
ಬಟ್ಟೆಯಂಗಡಿಯ ಹಳೇ ಕವರಿನಲ್ಲಿ,
ಇಲಿಗೆ ಎಟುಕದ ಹಾಗೆ ಸೂರಿನ ಗಳಕ್ಕೆ ನೇತು ಹಾಕಿದ್ದೇವೆ.
ಜೆರಾಕ್ಸು ಎಷ್ಟಾದರೂ ತೆಗೆಸಬಹುದು, ಹಾಳೆಗೆ ಎರಡು ರೂಪಾಯಿ.
ಸೀಟು ಮಾತ್ರ ಎರಡು ಬಂದಿವೆ.

ಒಂದು ನಗರದಲ್ಲಿ. ತಾಳವಾಡಿಯ ನಮಗೆ
ನಗರ ಅಂದರೆ ಚಾಮರಾಜನಗರವೇ.
ಬಸ್ಸು ಹತ್ತಿ ಒಂದು ಪೊಟ್ಟಣ ಕಡಲೆಕಾಯಿ ಮುಗಿಸುವಷ್ಟರಲ್ಲಿ
ರಾಜ್ಯ ಬದಲಾಗಿರುತ್ತದೆ, ಹೊಲ ಬದಲಾಗಿರುವುದಿಲ್ಲ.
ಬೆಳಿಗ್ಗೆ ಹೋಗಿ ಸಂಜೆಗೆ ಮನೆ. ಬಿ.ಎ.

ಇನ್ನೊಂದು ಕೋಯಮತ್ತೂರಿನಲ್ಲಿ.
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು,
ಬಣ್ಣಾರಿಯಮ್ಮನಿಗೆ ಬಸ್ಸಿನೊಳಗಿಂದಲೇ ಕೈ ಮುಗಿದು,
ಇನ್ನೂ ಅರ್ಧ ದಿನ.
ಪಾಠವೆಲ್ಲ ನಾನು ಓದದ ಭಾಷೆಯಲ್ಲಿ.
ಆದರೆ ರಸಾಯನಶಾಸ್ತ್ರ.
ನಮ್ಮ ಶಾಲೆಯಲ್ಲಿ ಒಂದೇ ಬ್ಯೂರೆಟ್ಟಿತ್ತು,
ಅದರ ತುದಿ ಮುರಿದಿತ್ತು. ಆದರೂ
ಬಣ್ಣ ತಿರುಗುವ ಆ ಒಂದು ಹನಿಯನ್ನು
ನಾನು ಕಂಡಿದ್ದೇನೆ.

ಅವ್ವ ಕೋಸಿನ ಮಂಡಿಯಲ್ಲಿ ಮೂಟೆ ಹೊಲಿಯುತ್ತಾಳೆ,
ಮೂಟೆಗೆ ನಾಲ್ಕು ರೂಪಾಯಿ.
ನಮ್ಮ ಮನೆಯ ಲೆಕ್ಕವೆಲ್ಲ ಮೂಟೆಯಲ್ಲೇ ನಡೆಯುವುದು.
ನಗರದ ಫೀಸು ಏಳುನೂರು ಮೂಟೆ.
ಹೊರರಾಜ್ಯದವಳು, ಬಸ್ ಪಾಸು ಇಲ್ಲ, ಅದು ಬೇರೆ.
ಕೋಯಮತ್ತೂರಿನ ಹಾಸ್ಟೆಲ್ಲಿಗೆ, ಬಾಗಿಲು ತೆರೆಯುವುದಕ್ಕೇ
ಎರಡೂವರೆ ಸಾವಿರ ಮೂಟೆ.
ಸರ್ಕಾರಿ ಶಾಲೆಯ ಹುಡುಗಿ ಅಂತ ತಿಂಗಳಿಗೆ ಸಾವಿರ ಸಿಗುತ್ತದಂತೆ,
ಘಾಟಿ ಇಳಿದರೆ ಮಾತ್ರ.
ಅವ್ವ ಬೆರಳು ಮಡಚಿ ಮಡಚಿ ಬಿಡಿಸಿ,
"ಇನ್ನೂರೈವತ್ತು ಮೂಟ ಸುಮ್ಮಗ ಬತ್ತದಾ?" ಅಂದಳು.
ಹೊಲಿಯದ ಮೂಟೆಯ ದುಡ್ಡನ್ನು ಅವಳು ನಂಬುವುದಿಲ್ಲ.

ಫೋನು ಮಾಡಿದೆ.
ನಗರದ ಗುಮಾಸ್ತರು: "ತಮಿಳುನಾಡಿನವರಾ?
ಪರವಾಗಿಲ್ಲ, ಕನ್ನಡ ಚೆನ್ನಾಗೇ ಕಲಿತಿದ್ದೀರಿ."
ಕೋಯಮತ್ತೂರಿನ ಹೆಂಗಸು ನನ್ನ ಮೊದಲ ವಾಕ್ಯಕ್ಕೇ ನಕ್ಕು,
ಕರ್ನಾಟಕದ ಫಾರಂ ಬೇರೆಯಮ್ಮಾ ಅಂದಳು.
ಇಬ್ಬರೂ ಒರಿಜಿನಲ್ ಕೇಳಿದರು. ಇಬ್ಬರಿಗೂ ಶುಕ್ರವಾರ ಸಂಜೆ ಐದರೊಳಗೆ.

ಒರಿಜಿನಲ್ ಬಿಚ್ಚಿ ನೋಡಿದೆ.
ಅಜ್ಜಿಯ ಹೆಸರು ನನಗಿಟ್ಟಿದ್ದಾರೆ, ದುಂಡಮ್ಮ.
ತಮಿಳಿನಲ್ಲಿ ಬರೆದರೆ ದಕಾರ ತಕಾರ ಒಂದೇ ಅಕ್ಷರ.
ಓದುವವರು ತುಂಡಮ್ಮ ಅನ್ನುತ್ತಾರೆ.
ಮೊದಲೆಲ್ಲ ಅಳುತ್ತಿದ್ದೆ. ಈ ವಾರ
ಹೆಸರೇ ಸರಿಯಿರಬಹುದು ಅನ್ನಿಸಿತು.

ಬೀದಿಯವರೆಲ್ಲ ಬಂದು ಹೇಳಿಹೋದರು.
ಒಂದು ಸೀಟು ಬಂದಿದ್ದರೆ ಹಬ್ಬ,
ಎರಡು ಬಂದರೆ ಪಂಚಾಯಿತಿ.
ಒಂದನ್ನು ಯಾರಾದರೂ ರದ್ದು ಮಾಡಲಿ ಅಂತ
ರಾತ್ರಿ ಬೇಡಿಕೊಂಡಿದ್ದೇನೆ, ಯಾವುದು ಅಂತ ದೇವರಿಗೂ ಹೇಳದೆ.

ಬುಧವಾರ ರಾತ್ರಿ ಅವ್ವ ಮಂಡಿಯಿಂದ ದಬ್ಬಳ ತಂದಳು.
ನನ್ನ ಶಾಲೆಯ ಬ್ಯಾಗನ್ನು ಒಳಗು ಹೊರಗು ಮಾಡಿ,
ಕೋಸಿನ ಚೀಲದ ತುಂಡೊಂದನ್ನು ತಳಕ್ಕೆ ಒತ್ತಿ
ಹೊಲಿಯತೊಡಗಿದಳು: ಟಿ.ಸಿ.ಗೊಂದು ಕಳ್ಳಜೇಬು,
ಪಕ್ಕದಲ್ಲಿ ದುಡ್ಡಿಗೊಂದು, ಚಿಕ್ಕದು.
ಸೀಮೆಎಣ್ಣೆ ಸೀಸೆಯ ದಾರದಷ್ಟು ದಪ್ಪ ದಾರ.
ನಾನು ನೋಡುತ್ತಾ ಕೂತೆ.
ಸಂಜೆಗೆ ಮನೆಗೆ ಬರುವವಳಿಗೆ
ಕಳ್ಳಜೇಬು ಬೇಕಾಗುವುದಿಲ್ಲ.
ಹಲ್ಲಿನಲ್ಲಿ ದಾರ ಕಡಿದು,
"ಇದೂ ಒಂದು ಮೂಟ ಅಂತ ಬರ್ಕೊ ಕೂಸೆ,
ಆಮ್ಯಾಕ ಕೊಡಿವಂತೆ" ಅಂದಳು.

ಗುರುವಾರ. ರಾತ್ರಿಯಿಡೀ ಮುಚ್ಚಿದ್ದ ಘಾಟಿಯ ಗೇಟು ತೆರೆದಾಗ
ಮೊದಲ ಬಸ್ಸಿನಲ್ಲಿ ನಾನಿದ್ದೆ,
ಮುಂದೊಂದು ಕೋಸಿನ ಲಾರಿ. ಅದರ ಮೂಟೆಗಳ ಹೊಲಿಗೆ
ನನಗೆ ಗುರುತು ಸಿಕ್ಕಿತು.
ತಿರುವಿನ ಬೋರ್ಡುಗಳನ್ನು ಹತ್ತುವವರಿಗೆಂದು ಬರೆದಿದ್ದಾರೆ.
ಇಳಿಯುವವರಿಗೆ ಇಪ್ಪತ್ತೇಳೇ ಮೊದಲು.
ಇಪ್ಪತ್ತಾರು, ಇಪ್ಪತ್ತೈದು.
ಎಣಿಸಬೇಡ, ವಾಂತಿ ಬತ್ತದ, ಅಂದಿದ್ದಳು ಅವ್ವ.
ಹತ್ತೊಂಬತ್ತರಲ್ಲಿ ಬಂತು.
ಬಾಯಿ ಒರೆಸಿಕೊಂಡು ಮತ್ತೆ ಎಣಿಸಿದೆ,
ಪದಿನೆಟ್ಟು, ಪದಿನೇಳು,
ಯಾವಾಗ ಬದಲಾಯಿತೋ ಭಾಷೆ.
ಬ್ಯಾಗಿನ ತಳದ ದಾರದ ಗಂಟು
ಮೊಣಕಾಲಿಗೆ ಒತ್ತುತ್ತಲೇ ಇತ್ತು.