ಕಸದ ಸವಾಲು

ರುವೈಸಿನಲ್ಲಿ ಆಗಸ್ಟು. ರಾತ್ರಿ ಹನ್ನೊಂದಕ್ಕೂ
ಕಿಟಕಿಯ ಗಾಜು ಹೊರಮೈಯಿಂದ ಬೆವರುತ್ತದೆ.
ನನ್ನೆದುರು ಒಂದು ಹಾಳೆ, ನಲವತ್ತೆರಡು ಸಾಲು:
ಉರಿದು ಮುಗಿದ ಇಂಧನವನ್ನು ಕೊಳದಿಂದೆತ್ತಿ,
ಕತ್ತರಿಸಿ, ಆಸಿಡ್ಡಿನಲ್ಲಿ ಕರಗಿಸಿ,
ಬೇಕಾದ್ದು ಸೋಸಿ, ಬೇಡದ್ದನ್ನು ಗಾಜಿನೊಳಗೆ ಹುಗಿಯಲು
ಕಿಲೋಗೆ ಎಷ್ಟು?

ಕಟ್ಟಿದವರು ಒಂದು ಹೇಳುತ್ತಾರೆ,
ಕಟ್ಟಿ ಕೈ ಸುಟ್ಟುಕೊಂಡವರು ಅದರ ಮೂರು ಪಟ್ಟು.
ಕಟ್ಟದೇ ಇದ್ದವರ ಅಂದಾಜೇ
ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಖಚಿತ.

ಆಸಿಡ್ ಅಂದೆ. ನಮ್ಮಲ್ಲಿ ಅದಕ್ಕೆ ತೇಜಾಬು.
ರಾಣೆಬೆನ್ನೂರಿನ ಪತ್ತಾರ ಓಣಿ, ಅಪ್ಪನ ಅಗ್ಗಿಷ್ಟಿಕೆ,
ವರ್ಷಕ್ಕೊಮ್ಮೆ ಅಂಗಡಿಯ ಕಸ ಸವಾಲು:
ಬೂದಿ, ಇದ್ದಿಲು, ಚಾಪೆಯ ಧೂಳು, ಕಾಲೊರಸಿದ ಗೋಣಿ ಸಹಿತ.
ಒಳಗೆಷ್ಟು ಚಿನ್ನವೋ ದೇವರಿಗೇ ಗೊತ್ತು;
ದೇವರ ನಂತರ ಜಾರೇಗಾರರ ಮಾಲನಬಿಗೆ.
ಒಂದು ಚಿಟಿಕೆ ಎತ್ತಿ, ಬಿಸಿಲಿಗೆ ಹಿಡಿದು,
ನಾಲಿಗೆಗಿಟ್ಟು, ಉಗಿದು,
"ಹನ್ನೊಂದು ನೂರು" ಅನ್ನುತ್ತಿದ್ದಳು.
ಅಕ್ಕನ ಚಿನ್ನವನ್ನೂ ಬಿಡದ ಕುಲ ನಮ್ಮದು;
ಅಪ್ಪ ಅವಳೆದುರು ಚೌಕಾಸಿ ಮಾಡಿದ್ದು ನಾ ಕಾಣೆ.

ಇಲ್ಲಿ ನಾಲಿಗೆ ನಡೆಯದು. ಇಲ್ಲಿ ವಟಾವು.
ವರ್ಷಕ್ಕೆ ನೂರಕ್ಕೆ ಮೂರರಂತೆ ನಾಳೆಯನ್ನು ಅರೆಯುತ್ತ ಹೋದರೆ
ಮುನ್ನೂರನೇ ವರ್ಷದ ಕಾವಲುಗಾರನ ಇಡೀ ವರ್ಷದ ಸಂಬಳ
ಇವತ್ತಿನ ಲೆಕ್ಕಕ್ಕೆ ಎರಡು ಕಪ್ಪು ಕರಕ್ ಚಹಾ.
ಶಮ್ಸಾ, ನಮ್ಮ ವಿಭಾಗದ ಮುಖ್ಯಸ್ಥೆ, ಸಿಲಾ ಊರಿನವಳು,
ಮಧ್ಯಾಹ್ನ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:
"ಇದೇ ದರಕ್ಕೆ ನನ್ನ ಮರಿಮಗಳ ಮರಿಮಗಳು
ಎಷ್ಟು ಫಿಲ್ಸ್ ಆಗುತ್ತಾಳೆ, ಮೌನೇಶ್?"
ಇಬ್ಬರೂ ನಕ್ಕೆವು. ನಾನು ಸ್ವಲ್ಪ ಮೊದಲೇ ನಿಲ್ಲಿಸಿದೆ.

ಮಾಲನಬಿಯ ಕೈ ನೆನಪಾಗಿತ್ತು.
ತೇಜಾಬು, ಪಾದರಸ, ನಲವತ್ತು ವರ್ಷ;
ಬೆರಳ ತುದಿಯ ಗೆರೆಗಳೆಲ್ಲ ಕರಗಿ ಚರಂಡಿ ಸೇರಿದ್ದವು.
ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟೊತ್ತಿದರೆ
ಅಂಥ ಹೆಂಗಸೇ ಇಲ್ಲ ಅಂದಿತಂತೆ ಅದು.
ಹನ್ನೊಂದು ನೂರರಲ್ಲಿ
ಬೆರಳಿನ ಬಾಬತ್ತು ಇರಲಿಲ್ಲ.
ಅವಳೂ ಹಿಡಿದಿರಲಿಲ್ಲ, ಅಪ್ಪನೂ.

ನಲವತ್ತಮೂರನೇ ಸಾಲೊಂದು ಸೇರಿಸಿದ್ದೇನೆ.
ಬಾಬತ್ತು: ಇತರೆ. ಮೊತ್ತ: ಖಾಲಿ.
ಒಟ್ಟು ಕೂಡಿಸುವ ಸೂತ್ರ ಖಾಲಿಯನ್ನು ಸೊನ್ನೆಯೆಂದೇ ಓದುತ್ತದೆ,
ಅಂಕಿ ಕದಲಲಿಲ್ಲ.
ಹಳದಿ ಬಣ್ಣ ಹಚ್ಚಿ ಕಳಿಸಿದೆ. ಬೆಳಿಗ್ಗೆ ಶಮ್ಸಾ ಕೇಳುತ್ತಾಳೆ.
ಕೇಳಲಿ.