ಬಟವಾಡೆಯಾಗದ್ದು

ಎರಡನೇ ಶನಿವಾರ, ಮೂರು ಗಂಟೆಗೆ,
ಶಿವಮೊಗ್ಗದ ಕಾಲೇಜಿನ ಮಹಡಿಯಲ್ಲಿ ನೀತಿ ಸಮಿತಿ.
ಒಬ್ಬರು ವಕೀಲರು, ಔಷಧಶಾಸ್ತ್ರದವರು ಇಬ್ಬರು,
ತತ್ತ್ವಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು,
ಬಾಗಿಲ ಬಳಿಯ ಕುರ್ಚಿಯಲ್ಲಿ ನಾನು.
ನನ್ನ ಹೆಸರಿನ ಮುಂದೆ 'ಸಾಮಾನ್ಯ ವ್ಯಕ್ತಿ' ಎಂದು ಟೈಪಿಸಿದ್ದಾರೆ.
ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತಿದವಳಿಗೆ
ಇದಕ್ಕಿಂತ ಸರಿಯಾದ ಹುದ್ದೆ ಎಲ್ಲಿ ಸಿಕ್ಕೀತು.

ಇವತ್ತಿನ ಕಡತ ಮಂಗನ ಕಾಯಿಲೆಯದು.
ಹೊಸನಗರದ ಆಚೆಯ ಊರುಗಳಲ್ಲಿ ತೆಗೆದ ರಕ್ತ,
ನಾನೂರ ಹನ್ನೆರಡು ನಳಿಕೆ,
ಮೈನಸ್ ಎಂಬತ್ತರಲ್ಲಿ ಹೆಪ್ಪುಗಟ್ಟಿ ಕೂತಿವೆ.
ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಾಯಿತು. ಉಳಿದದ್ದರಲ್ಲಿ
ಇನ್ನೊಂದು ಪ್ರಶ್ನೆ ಕೇಳಬೇಕಂತೆ:
ಜ್ವರ ಯಾರ ಮಿದುಳಿಗೆ ಏರುತ್ತದೆ, ಯಾರನ್ನು ಬಿಟ್ಟು ಹೋಗುತ್ತದೆ,
ಅದು ವಂಶದಲ್ಲೇ ಬರೆದಿದೆಯೇ.

ಡಾಕ್ಟರ್ ನೌಶೀನ್ ನಿಂತು ವಿವರಿಸಿದಳು.
ಒಳ್ಳೆಯ ಹುಡುಗಿ. ಕಾಲಿಗೆ ಎಣ್ಣೆ ಬಳಿದುಕೊಂಡು
ಬಿಳಿ ಬಟ್ಟೆ ಎಳೆಯುತ್ತ ಉಣ್ಣಿ ಹಿಡಿಯಲು
ತಾನೇ ಕಾಡಿಗೆ ಹೋಗುತ್ತಾಳೆ.
"ಮುಂದಿನ ಬೇಸಿಗೆಯೊಳಗೆ ಗೊತ್ತಾದ್ರೆ ನಾಲ್ಕು ಜೀವ ಉಳೀತಾವೆ."
ಉಳಿಯಬಹುದು. ನಾನು ಇಲ್ಲ ಅನ್ನಲಿಲ್ಲ.

ಮಾದರಿಗೆಂದು ಹತ್ತು ಒಪ್ಪಿಗೆ ಪತ್ರ ಕೈಯಿಂದ ಕೈಗೆ ಬಂದವು.
ಹೆಸರಿನ ಮೇಲೆ ಕಪ್ಪು ಬಳಿದಿದ್ದರು.
ಹೆಬ್ಬೆಟ್ಟಿನ ಮೇಲೆ ಬಳಿಯುವುದನ್ನು ಮರೆತಿದ್ದರು.

ಆರನೆಯದರಲ್ಲಿ, ನಟ್ಟನಡುವೆ
ಕತ್ತಿ ತಾಗಿ ಸೀಳಿದ ಗೆರೆ.
ಹನ್ನೊಂದು ವರ್ಷ, ತಿಂಗಳಿಗೊಮ್ಮೆ,
ಪಿಂಚಣಿಗೆ ಆ ಬೆರಳನ್ನು ಹಿಡಿದು ಒತ್ತಿಸಿದವಳು ನಾನು.
ಯಾರೆಂದು ಅಲ್ಲಿ ಹೇಳಲಿಲ್ಲ.
ಇಲ್ಲೂ ಹೇಳುವುದಿಲ್ಲ.
ಮೇಲ್ಗಡೆ ಪೆನ್ಸಿಲಿನಲ್ಲಿ ಸಣ್ಣಗೆ: ಮೃತ.

"ನೀವು ನೋಡಿದೀರಲ್ಲ ಅಮ್ಮಾ, ಸಾಕು" ಅನ್ನುತ್ತಿದ್ದಳು.
ಸರತಿ ಉದ್ದವಿದ್ದ ದಿನ
ನಾನೂ ನೋಡಿರುತ್ತಿರಲಿಲ್ಲ.

ವಕೀಲರು ಮೂರನೇ ಪುಟ ತೋರಿಸಿದರು:
'ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಬಳಸಬಹುದು',
ಪಕ್ಕದ ಚೌಕದಲ್ಲಿ ಟಿಕ್ ಇದೆ, ಕಾನೂನು ಮುಗಿಯಿತು.
ನನಗೆ ಕಾನೂನು ಗೊತ್ತಿಲ್ಲ, ಕೈಬರಹ ಗೊತ್ತು.
ಹತ್ತೂ ಟಿಕ್ ಒಂದೇ ಕಡೆ ವಾಲಿದ್ದವು,
ಒಂದೇ ನೀಲಿ ಪೆನ್ನು.
ಹೆಬ್ಬೆಟ್ಟು ಒತ್ತುವವರು ಟಿಕ್ ಹೇಗೆ ಹಾಕಿದರು, ಎಂದೆ.

ಫ್ಯಾನು ಸುತ್ತುವುದು ಕೇಳಿಸಿತು.
"ನಾನೇ ಹಾಕಿದೆ" ಅಂದಳು ನೌಶೀನ್. "ಎಲ್ಲರೂ ಹ್ಞೂಂ ಅಂದಿದ್ರು."

ಹ್ಞೂಂ.
ಬಿಸಿಲಲ್ಲಿ ನಿಂತವರ ಹ್ಞೂಂ, ಬಸ್ಸಿಗೆ ಹೊತ್ತಾದವರ ಹ್ಞೂಂ,
ಡಾಕ್ಟರ ಮುಂದೆ ತಲೆ ತಗ್ಗಿಸಿದ ಹ್ಞೂಂ,
ನಿಜವಾದದ್ದೂ ಒಂದಷ್ಟು ಇದ್ದಿರಬೇಕು.

ವಿಳಾಸದಾರರು ತೀರಿಕೊಂಡರೆ
ಕೆಂಪು ಶಾಯಿಯಲ್ಲಿ ಬರೆದು ಲಕೋಟೆ ವಾಪಸು ಕಳಿಸುತ್ತಿದ್ದೆವು,
ಒಡೆಯುತ್ತಿರಲಿಲ್ಲ.
ಬರೆದವರೇ ತೀರಿಕೊಂಡು, ಪತ್ರ ಮಾತ್ರ ತಣ್ಣಗೆ ಉಳಿದಿದ್ದರೆ?
ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಉತ್ತರಿಸಲಿಲ್ಲ.

ಮತ್ತೆ ಊರೂರಿಗೆ ಹೋಗಿ ಕೇಳಬೇಕೆಂದು ಠರಾವಾಯಿತು,
ಸತ್ತವರ ಮನೆಯಲ್ಲೂ. ನಾಲ್ಕು ಮತ, ಒಂದು ವಿರೋಧ.
ಕೆಲಸ ಆರು ತಿಂಗಳು ಹಿಂದೆ ಬಿತ್ತು.
ಜನವರಿಯಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಸಾವಿನ ಸುದ್ದಿ,
ಪತ್ರಿಕೆಯ ಒಳಪುಟದಲ್ಲಿ, ನಾಲ್ಕು ಸಾಲು.
ಅದು ಯಾರ ಖಾತೆಗೆ ಎಂದು ಯಾರೂ ನನ್ನನ್ನು ಕೇಳಲಿಲ್ಲ.
ನಾನು ಕೇಳಿಕೊಳ್ಳುತ್ತೇನೆ, ದಿನ ಬಿಟ್ಟು ದಿನ.

ಮೊನ್ನೆ ಗುಡ್ಡದ ಮೇಲಿಂದ ನೌಶೀನ್ ಫೋನು.
"ಮೊದಲೇ ತಗೊಂಡಿದೀರಲ್ಲ, ಈಗ್ಯಾಕೆ ಕೇಳ್ತೀರಿ ಅಂತ ನಗ್ತಾರೆ, ಮೇಡಂ.
ಇಲ್ಲೊಬ್ಬರು ಮಾತ್ರ,
ಅವ್ವನ ರಕ್ತ ಇನ್ನೂ ಇದೆಯಾ ಅಂತಾರೆ.
ಒಂದು ಸಲ ನೋಡಬಹುದಾ ಅಂತಾರೆ.
ಫಾರಂನಲ್ಲಿ ಅದಕ್ಕೆ ಚೌಕ ಇಲ್ಲ. ಏನು ಬರೀಲಿ?"

ಆಚೆ ಯಾರೋ ಡಬ್ಬ ಬಡಿದು
ಮಂಗ ಓಡಿಸುತ್ತಿದ್ದ ಸದ್ದು.
ನಾನು ಫೋನು ಹಿಡಿದೇ ಇದ್ದೆ.